ಹತ್ತು ಸಾವಿರ ಸಲ ಮಾಡಿದ ಲೆಕ್ಕ

ಕಳೆದ ಚಳಿಗಾಲದಲ್ಲಿ ಸಂಬಂಧಿಕರ ಮದುವೆಗೆಂದು ಕಾಗವಾಡಕ್ಕೆ ಹೊರಟಿದ್ದೆ. ಶಿರಗುಪ್ಪಿ ಹತ್ತಿರ ಬರುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ಕಾಕಂಬಿಯ ವಾಸನೆ ಒಳಗೆ ನುಗ್ಗಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕದ ವಾಸನೆ ಅರ್ಧ ಸಿಹಿ, ಅರ್ಧ ಹುಳಿ. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ತಲೆ ತಗ್ಗಿಸಿ ಕೂತೆ. ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನ ಒಂದು ಕಬ್ಬಿನ ಹಂಗಾಮು, ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಆ ಆರು ತಿಂಗಳು, ನನ್ನ ಕಣ್ಣೆದುರು ನಿಂತವು. ಈಗ ಹೇಳಿಬಿಡುತ್ತೇನೆ.

ನಾನು ಸದಲಗಾದವಳು. ನಮ್ಮದು ಜೈನ ಒಕ್ಕಲುತನದ ಮನೆ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ ಚಿಕ್ಕೋಡಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಉಪನ್ಯಾಸಕಿಯಾಗಿ ಸೇರಿ ಆಗ ಎರಡು ವರ್ಷವಾಗಿತ್ತು. ವಯಸ್ಸು ಇಪ್ಪತ್ತೈದು. ಹುಡುಗರು 'ಪದ್ಮಾ ಬಾಯಾರು' ಎನ್ನುತ್ತಿದ್ದರು. ಕಾಲೇಜಿಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ಅದನ್ನಿಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ಕೀಲಿ ನನ್ನ ಹತ್ತಿರ ಇರುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ದೂರದ ಊರಿಗೆ ತರಬೇತಿಗೆ ಹೋಗಿ, ಡಿಜಿಟಲ್ ಸರ್ಕ್ಯೂಟುಗಳ ವೇಳೆಯನ್ನು ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸುವ ವಿದ್ಯೆಯನ್ನು ಕಲಿತು ಬಂದಿದ್ದೆ. ಇಡೀ ತಾಲೂಕಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ ಎಂಬ ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ಮರೆಮಾಚಿ ಈ ಕಥೆ ಹೇಳಲು ಬರುವುದಿಲ್ಲ.

ನಿಪ್ಪಾಣಿಯಲ್ಲಿ ನನ್ನ ತಾಯಿಯ ತಮ್ಮ ಬಾಬು ಮಾಮಾನ ಅಂಗಡಿ ಇತ್ತು. ತಂಬಾಕಿನ ಗೋದಾಮುಗಳ ಸಾಲಿನಲ್ಲಿ ಒಂದು ಉದ್ದನೆಯ ಕೋಣೆ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು, ಪಂಪಿನ ಸ್ಟಾರ್ಟರ್ ರಿಪೇರಿ ಮಾಡುವುದು ಅವನ ಕಸುಬು. ಐಟಿಐ ಓದಿದ್ದ ಅಷ್ಟೇ, ಆದರೆ ಹಳೆಯ ಪುಸ್ತಕಗಳನ್ನು ತರಿಸಿಕೊಂಡು ತಾನೇ ಕೂತು ಕಲಿತು ಐಸಿ ಎಂಬ ಪುಟ್ಟ ಚಿಪ್‌ಗಳಿಂದ ಕಂಟ್ರೋಲ್ ಬೋರ್ಡುಗಳನ್ನು ಕಟ್ಟುತ್ತಿದ್ದ. ಆ ವರ್ಷ ಅವನಿಗೆ ದೊಡ್ಡ ಕೆಲಸ ಸಿಕ್ಕಿತ್ತು. ಕೃಷ್ಣೆಯ ಆಚೆ ದಂಡೆಯಲ್ಲಿ ಆಗ ಒಂದು ಸಣ್ಣ ಸಕ್ಕರೆ ಕಾರ್ಖಾನೆ ಇತ್ತು. ಈಗ ಅದು ಮುಚ್ಚಿದೆ, ಹೆಸರು ಬೇಡ. ಅಲ್ಲಿ ಕಬ್ಬನ್ನು ಗಾಣದ ಕಡೆಗೆ ಒಯ್ಯುವ ಕಬ್ಬಿಣದ ಸರಪಳಿ ಪಟ್ಟಿಗೆ ಎಲ್ಲರೂ 'ಕ್ಯಾರಿಯರ್' ಎನ್ನುತ್ತಿದ್ದರು. ಆ ಪಟ್ಟಿಯ ಕೊನೆಯಲ್ಲಿ ಕಬ್ಬನ್ನು ಚೂರು ಮಾಡುವ ಕತ್ತಿಗಳು ತಿರುಗುತ್ತಿದ್ದವು. ಕಬ್ಬು ಅಡ್ಡ ಸಿಕ್ಕಿಕೊಂಡಾಗ ಆಳುಗಳು ಪಟ್ಟಿ ಏರಿ ಎಳೆದು ಬಿಡಿಸಬೇಕಿತ್ತು. ಅದಕ್ಕೆಂದು ಮಾಮಾ ನಾಲ್ಕು ಬೋರ್ಡು ಕಟ್ಟಿಕೊಟ್ಟ. ಪಟ್ಟಿಯ ಉದ್ದಕ್ಕೂ ಕೆಂಪು ಗುಂಡಿಗಳು. ಒಮ್ಮೆ ಒತ್ತಿದರೆ ಮೋಟಾರು ನಿಲ್ಲಬೇಕು, ಬೋರ್ಡು ಅದನ್ನು ನೆನಪಿಟ್ಟುಕೊಳ್ಳಬೇಕು, ಕೆಂಪು ದೀಪ ಹತ್ತಿಕೊಂಡೇ ಇರಬೇಕು. ಕೀಲಿ ತಿರುಗಿಸುವವರೆಗೆ ಮೋಟಾರು ಮತ್ತೆ ಹೊರಡಬಾರದು.

ಬೋರ್ಡು ಕೂಡಿಸುವ ದಿನ ಮಾಮಾನ ಜೊತೆ ನಾನೂ ಹೋಗಿದ್ದೆ. ಕ್ಯಾರಿಯರ್ ನೋಡಿಕೊಳ್ಳುತ್ತಿದ್ದವನು ಭೀಮಣ್ಣ. ಹೊಳೆಯ ಈಚೆ ದಂಡೆಯ ಯಡೂರಿನವನು, ದಿನಾ ನಾವೆಯಲ್ಲಿ ದಾಟಿ ಕೆಲಸಕ್ಕೆ ಬರುತ್ತಿದ್ದ. ನಲವತ್ತೈದರ ಆಸುಪಾಸು, ತೆಳ್ಳನೆಯ ಆಳು, ಕಿವಿಯ ಮೇಲೆ ಸದಾ ಒಂದು ಬೀಡಿ. ಆ ಗುಂಡಿಯನ್ನು ಹತ್ತು ಸಲ ಒತ್ತಿ ನೋಡಿದ. ಪ್ರತಿ ಸಲ ದೀಪ ಹತ್ತಿದಾಗ ನನ್ನ ಕಡೆ ತಿರುಗಿ ನಗುತ್ತಿದ್ದ.

"ನಾ ಕೈ ತಗದ ಮ್ಯಾಲೂ ಇದಕ್ಕ ನೆನಪ ಇರ್ತೈತೇನ್ರಿ ಬಾಯಾರ?"

"ಇರ್ತೈತಿ ಭೀಮಣ್ಣ. ಕೀಲಿ ತಿರುವೂತನಾ ಬಿಡಂಗಿಲ್ಲ ಅದು."

"ನಮ್ಮ ಮನ್ಯಾಕಿ ಹಂಗ ಅನ್ರಿ ಹಂಗಾರ. ಏನೂ ಮರಿಯಂಗಿಲ್ಲ ಆಕಿ."

ಮಧ್ಯಾಹ್ನ ತನ್ನ ಬುತ್ತಿ ಬಿಚ್ಚಿ ನಮಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಮಗಳು ರೇಣುಕಾ ಹತ್ತನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದಾಳೆ, ಮುಂದಿನ ವರ್ಷ ನಿಮ್ಮ ಕಾಲೇಜಿಗೆ ಹಾಕಬಹುದೇ ಎಂದು ಕೇಳಿದ. ಹಿಂದಿನ ಹಂಗಾಮಿನಲ್ಲಿ ಅವನ ಜೊತೆಯವನೊಬ್ಬನ ಕಾಲು ಪಟ್ಟಿಯಲ್ಲಿ ಸಿಕ್ಕಿ ಹೋಗಿತ್ತಂತೆ. ನಿಲ್ಲಿಸಿರೆಂದು ಕೂಗಿದ್ದು ಮೋಟಾರಿನ ಸದ್ದಿನಲ್ಲಿ ಯಾರಿಗೂ ಕೇಳಿರಲಿಲ್ಲ. "ಇನ್ನ ಒದರೂದು ಬ್ಯಾಡ ಆತು," ಎಂದು ಭೀಮಣ್ಣ ಗುಂಡಿಯನ್ನು ಅಂಗೈಯಿಂದ ಸವರಿದ.

ವಾರ ಕಳೆಯುವುದರೊಳಗೆ ಬಾಬು ಮಾಮಾ ಚಿಕ್ಕೋಡಿಗೆ ಬಂದ. ಕೈಯಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೆದ ಒಂದು ಹಾಳೆ.

ಅವನ ಅನುಮಾನ ಇಷ್ಟು. ಗುಂಡಿ ಒತ್ತಿದಾಗ ಬೋರ್ಡಿನೊಳಗೆ ಸಂಕೇತ ಎರಡು ದಾರಿಯಲ್ಲಿ ಓಡುತ್ತದೆ. ಒಂದು ದಾರಿ 'ಯಾವ ಗುಂಡಿ' ಎಂಬ ಸುದ್ದಿಯನ್ನು ಒಯ್ಯುತ್ತದೆ, ಅದರಲ್ಲಿ ಏಳು ಐಸಿಗಳು ಸಾಲಾಗಿವೆ. ಇನ್ನೊಂದು ದಾರಿ 'ಈಗ ಬರೆದುಕೋ' ಎಂಬ ಅಪ್ಪಣೆಯನ್ನು ಒಯ್ಯುತ್ತದೆ. ಅದನ್ನು ಒಂದು ರೆಸಿಸ್ಟರು, ಒಂದು ಕೆಪಾಸಿಟರು ಸ್ವಲ್ಪ ಹೊತ್ತು ತಡೆದು ಬಿಡುತ್ತವೆ. ಸುದ್ದಿ ಮೊದಲು ಬರಬೇಕು, ಅಪ್ಪಣೆ ಆಮೇಲೆ. ಅಪ್ಪಣೆಯೇ ಮುಂಚೆ ಬಂದರೆ ಬೋರ್ಡು ಏನನ್ನೂ ಬರೆದುಕೊಳ್ಳುವುದಿಲ್ಲ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮೋಟಾರು ನಿಂತಿರುತ್ತದೆ, ಕೈ ತೆಗೆದು, ಸ್ಟಾರ್ಟರ್ ಮತ್ತೆ ಹಿಡಿಯಲು ಬೇಕಾದ ಅರ್ಧ ನಿಮಿಷ ಕಳೆದ ಮೇಲೆ ಮತ್ತೆ ಹೊರಡುತ್ತದೆ. ಸುದ್ದಿ, ಅಪ್ಪಣೆಗಳ ಈ ಓಟ ನಡೆಯುವುದು ಒಂದು ಸೆಕೆಂಡಿನ ಕೋಟಿಯ ಒಂದು ಪಾಲಿನಷ್ಟು ಹೊತ್ತಿನಲ್ಲಿ. ಪ್ರತಿ ಐಸಿಗೂ ಸಾಮಾನ್ಯವಾಗಿ ಎಷ್ಟು ತಡವಾಗುತ್ತದೆ, ಅತಿ ಹೆಚ್ಚೆಂದರೆ ಎಷ್ಟು ಎಂಬುದು ಪುಸ್ತಕದಲ್ಲಿ ಇರುತ್ತದೆ. ಸಾಮಾನ್ಯ ತಡಗಳನ್ನು ಕೂಡಿಸಿದರೆ ಬೋರ್ಡು ಆರಾಮವಾಗಿ ಗೆಲ್ಲುತ್ತಿತ್ತು. ಏಳಕ್ಕೂ ಹೆಚ್ಚಿನ ತಡವನ್ನೇ ಹಿಡಿದು ಕೂಡಿಸಿದರೆ ಸೋಲುತ್ತಿತ್ತು.

"ಕೆಪಾಸಿಟರ್ ಒಂದು ದೊಡ್ಡದು ಹಾಕಿಬಿಡ್ಲೇನು ಪದ್ಮಾ? ನಾಲ್ಕೂ ಬೋರ್ಡ್ ಬಿಚ್ಚಬೇಕಾಗತೈತಿ, ಒಂದಿನ ಕಾರ್ಖಾನಿ ನಿಂದ್ರಸಬೇಕಾಗತೈತಿ. ಆದ್ರೂ."

"ಏಳೂ ಐಸಿ ಒಮ್ಮೆಲೇ ಅಷ್ಟು ತಡಾ ಮಾಡೂದು ಎಲ್ಲೆರ ಉಂಟೇನು ಮಾಮಾ? ಒಂದು ಮಂದ ಇದ್ರ ಇನ್ನೊಂದು ಚುರುಕ ಇರ್ತೈತಿ. ತಡಿ, ನಾ ಕಂಪ್ಯೂಟರಿನ್ಯಾಗ ಹಚ್ಚಿ ನೋಡ್ತೀನಿ."

ನಾನು ಕಲಿತು ಬಂದ ವಿದ್ಯೆ ಅದೇ ಆಗಿತ್ತು. ಕಂಪ್ಯೂಟರ್ ಪ್ರತಿ ಐಸಿಗೂ ಚೀಟಿ ಎತ್ತಿದಂತೆ ಒಂದು ತಡವನ್ನು ಎತ್ತುತ್ತದೆ. ಹಾಗೆ ಒಂದು ಕಾಲ್ಪನಿಕ ಬೋರ್ಡು ತಯಾರಾಗುತ್ತದೆ. ಅದು ಗೆಲ್ಲುತ್ತದೋ ಸೋಲುತ್ತದೋ ನೋಡಿ ಬರೆದಿಟ್ಟು, ಮತ್ತೆ ಹೊಸ ಚೀಟಿ ಎತ್ತಿ ಇನ್ನೊಂದು ಬೋರ್ಡು. ಹೀಗೆ ಸಾವಿರಾರು ಬೋರ್ಡುಗಳನ್ನು ಕಾಗದವಿಲ್ಲದೆ, ತಾಮ್ರವಿಲ್ಲದೆ ಕಟ್ಟಿ ನೋಡಬಹುದು. ಮೂರು ಸಂಜೆ ಕೂತು ಪ್ರೋಗ್ರಾಂ ಬರೆದೆ. ರವಿವಾರ ಮುಂಜಾನೆ ಮಾಮಾ ಬಂದ, ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಕೂತೆವು. ಕಂಪ್ಯೂಟರ್ ನಿಧಾನದ್ದು, ಬೋರ್ಡಿನ ಎಲ್ಲ ದಾರಿಗಳನ್ನೂ ನಡೆದು ನೋಡಬೇಕಿತ್ತು. ಹತ್ತು ಗಂಟೆಯ ಸುಮಾರಿಗೆ ಕರೆಂಟು ಹೋಗಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಿದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಪರದೆಯ ಮೇಲೆ ಉತ್ತರ ಬಂತು. ಹತ್ತು ಸಾವಿರ ಬೋರ್ಡು. ಸೋತವು ಸೊನ್ನೆ.

ನಾನು ಮಾಮಾನ ಮುಖ ನೋಡಿದೆ. ಅವನು ಖುಷಿಯಾಗುತ್ತಾನೆ ಅಂದುಕೊಂಡಿದ್ದೆ. ಅವನು ಆ ಸೊನ್ನೆಯನ್ನೇ ನೋಡುತ್ತ ಕೂತಿದ್ದ.

"ಪದ್ಮಾ, ಒಂದು ಮಾತು ಕೇಳ್ತೀನಿ. ನಾ ಐಸಿ ಎಲ್ಲಾ ಒಂದ ಪೆಟ್ಟಿಗ್ಯಾಗಿಂದ ತಗೊಂಡೀನಿ. ಒಂದ ದಿನ ಒಂದ ಭಟ್ಟ್ಯಾಗ ತಯಾರಾದ ಮಾಲು. ಒಂದು ಮಂದ ಇದ್ರ ಎಲ್ಲಾನೂ ಮಂದ ಇರಾಕಿಲ್ಲೇನು? ಮತ್ತ ಎಲ್ಲಾನೂ ಒಂದ ಡಬ್ಬ್ಯಾಗ ಕುಂತು ಕೂಡೇ ಕಾಯ್ತಾವ."

ಅವನು ಕೇಳಿದ್ದು ಇಷ್ಟೇ. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆಮೇಲೆ ಯಾವ ವಿದ್ಯಾರ್ಥಿಯೂ ನನಗೆ ಕೇಳಿಲ್ಲ.

"ಪುಸ್ತಕದಾಗ ಒಂದೊಂದಕ್ಕೂ ಬ್ಯಾರೆ ಬ್ಯಾರೆನ ತಗೋತಾರ ಮಾಮಾ," ಎಂದೆ. "ಹತ್ತು ಸಾವಿರದಾಗ ಒಂದೂ ಸೋತಿಲ್ಲ. ನೀ ಕಟ್ಟಿದ್ದು ನಾಲ್ಕು. ಕೆಪಾಸಿಟರ್ ಏನೂ ಬದಲಿ ಮಾಡೂದು ಬ್ಯಾಡ."

"ನೀ ಕಲತಾಕಿ, ನಿನಗ ಗೊತ್ತು," ಎಂದು ಮಾಮಾ ಎದ್ದ. ಕಂಪ್ಯೂಟರಿಗೆ ಹೊದಿಸುವ ಬಟ್ಟೆಯನ್ನು ತಾನೇ ಹೊದಿಸಿದ.

ಚಳಿಗಾಲವಿಡೀ ಬೋರ್ಡುಗಳು ಚೆನ್ನಾಗಿ ನಡೆದವು. ಜನವರಿಯಲ್ಲಿ ಭೀಮಣ್ಣ ಚಿಕ್ಕೋಡಿಯ ಸಂತೆಗೆ ಬಂದವನು ರೇಣುಕಾಳನ್ನು ಕರೆದುಕೊಂಡು ಕಾಲೇಜಿಗೆ ಬಂದ. ಹುಡುಗಿ ಎತ್ತರಕ್ಕೆ, ಅಪ್ಪನಂತೆಯೇ ತೆಳ್ಳಗೆ. ಪ್ರಯೋಗಶಾಲೆಯನ್ನೆಲ್ಲ ಸುತ್ತಿ ನೋಡಿದಳು, ಒಂದು ಮಾತೂ ಆಡಲಿಲ್ಲ. ಹೊರಗೆ ಬಂದ ಮೇಲೆ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. "ಇಲ್ಲೇ ಕಲೀತೀನಿ ಅಂತಾಳ್ರಿ," ಎಂದು ಅವನು ನಕ್ಕ.

ಮಾರ್ಚ್‌ನಲ್ಲಿ ಬಿಸಿಲು ಏರಿತು. ಒಂದು ಮಂಗಳವಾರ ಮಧ್ಯಾಹ್ನ ನಾನು ತರಗತಿಯಲ್ಲಿದ್ದಾಗ ಬಾಗಿಲಲ್ಲಿ ಮಾಮಾ ಕಾಣಿಸಿದ. ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಟೊಪ್ಪಿಗೆ ಇಲ್ಲದೆ ಅವನನ್ನು ಹೊರಗೆ ಕಂಡದ್ದು ಅದೇ ಮೊದಲು.

"ಭೀಮಣ್ಣ ಹೋದ," ಎಂದ.

ಹಿಂದಿನ ದಿನ ಮೂರು ಗಂಟೆಯ ಹೊತ್ತಿಗೆ ಕಬ್ಬು ಸಿಕ್ಕಿಕೊಂಡಿತ್ತು. ಕ್ಯಾರಿಯರ್ ನಿಂತಿತು. ಭೀಮಣ್ಣ ಮೇಲೆ ಏರಿದ. ಕ್ಯಾರಿಯರ್ ಮತ್ತೆ ಹೊರಟಿತು. ಅದಕ್ಕಿಂತ ಹೆಚ್ಚಿಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಅವನನ್ನು ಮಣ್ಣು ಮಾಡುವ ಹೊತ್ತಿಗೆ ನಾವು ಯಡೂರಿಗೆ ಹೋದೆವು. ಅವನ ಹೆಂಡತಿ ಶಾಂತವ್ವ ಗೋಡೆಗೆ ಒರಗಿ ಕೂತಿದ್ದಳು, ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅಂಗಳದ ತುಂಬ ಪಿಸುಮಾತು. ಗುಂಡಿ ಒತ್ತದೆ ಮೇಲೆ ಏರಿದನಂತೆ, ಅವಸರ ಮಾಡಿದನಂತೆ, ಕುಡಿದಿದ್ದನೋ ಏನೋ. ಕಾರ್ಖಾನೆಯವರು ಅವಘಡದ ಮರುದಿನವೇ ವಿಚಾರಣೆ ಮುಗಿಸಿದ್ದರು. ಮುಂಜಾನೆ ತಂಪಿನಲ್ಲಿ, ಬೋರ್ಡು ಇಟ್ಟ ತಗಡಿನ ಪೆಟ್ಟಿಗೆಯ ಬಾಗಿಲು ತೆರೆದಿಟ್ಟುಕೊಂಡು, ಆ ಗುಂಡಿಯನ್ನು ನೂರು ಸಲ ಒತ್ತಿ ನೋಡಿದರು. ನೂರೂ ಸಲ ದೀಪ ಹತ್ತಿಕೊಂಡೇ ಇತ್ತು. ಕಬ್ಬಿನ ಒತ್ತಡಕ್ಕೆ ಪಟ್ಟಿ ತಾನಾಗಿಯೇ ನಿಂತಿದೆ, ಭೀಮಣ್ಣ ಗುಂಡಿ ಒತ್ತದೆ ಏರಿದ್ದಾನೆ ಎಂದು ಬರೆದರು. ಶಾಂತವ್ವ ಆ ಮಾತನ್ನು ನಂಬಿರಲಿಲ್ಲ. ಆದರೆ ಅವಳ ಮಾತನ್ನು ಕೇಳುವವರು ಯಾರೂ ಇರಲಿಲ್ಲ.

ಆ ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಗೆ ಹೋದೆ. ಮಾಮಾನ ಪ್ರಶ್ನೆ ನಾಲ್ಕು ದಿನದಿಂದ ತಲೆಯಲ್ಲಿ ಕೊರೆಯುತ್ತಿತ್ತು. ಪ್ರೋಗ್ರಾಂ ತೆರೆದು ನಾಲ್ಕೇ ಸಾಲು ಬದಲಿಸಿದೆ. ಒಂದೊಂದು ಐಸಿಗೆ ಒಂದೊಂದು ಚೀಟಿ ಎತ್ತುವ ಬದಲು, ಇಡೀ ಬೋರ್ಡಿಗೆ ಮೊದಲು ಒಂದು ಚೀಟಿ. ಐಸಿ ಬಂದ ಪೆಟ್ಟಿಗೆಯೇ ಮಂದವಾದರೆ ಏಳೂ ಮಂದ. ಅದರ ಮೇಲೆ ಒಂದೊಂದಕ್ಕೂ ಸ್ವಲ್ಪ ಹೆಚ್ಚು ಕಡಿಮೆ. ರವಿವಾರ ಮುಂಜಾನೆ ಓಡಿಸಿ ಎದುರಿಗೆ ಕೂತೆ. ಮಾಮಾನೂ ಬಂದು ಕೂತ.

ಹತ್ತು ಸಾವಿರ ಬೋರ್ಡಿನಲ್ಲಿ ಐದು ನೂರಕ್ಕೂ ಹೆಚ್ಚು ಸೋತವು.

ನಾಲ್ಕು ಬೋರ್ಡು ಕಟ್ಟಿದಲ್ಲಿ ಒಂದು ಕೆಟ್ಟದ್ದಿರಬಹುದು ಎಂದು ಹೆದರಲು ಅಷ್ಟು ಸಾಕು. ಅಂಥ ಬೋರ್ಡು ತಂಪಿನಲ್ಲಿ ಸರಿಯಾಗಿಯೇ ಇರುತ್ತದೆ. ಮಧ್ಯಾಹ್ನದ ಕಾವಿನಲ್ಲಿ, ಬಾಗಿಲು ಮುಚ್ಚಿದ ಪೆಟ್ಟಿಗೆಯಲ್ಲಿ, ದೊಡ್ಡ ಮೋಟಾರುಗಳು ಕರೆಂಟನ್ನು ಜಗ್ಗಿದ ಗಳಿಗೆಯಲ್ಲಿ ಮಾತ್ರ ಎಂದೋ ಒಮ್ಮೆ ಮರೆಯುತ್ತದೆ.

ನಾನು ಅಳತೊಡಗಿದೆ. "ನೀ ಕೇಳಿದ್ದಿ ಮಾಮಾ. ನಾನ ಬ್ಯಾಡ ಅಂದೆ."

ಮಾಮಾ ಎದ್ದು ಕಂಪ್ಯೂಟರಿಗೆ ಮತ್ತೆ ಬಟ್ಟೆ ಹೊದಿಸಿದ. ಆಮೇಲೆ, "ಬೋರ್ಡ್ ಕಟ್ಟಿದಾಂವ ನಾನು," ಎಂದ. "ನಾಳೆ ಕಾರ್ಖಾನಿಗೆ ಹೋಗೂನು."

ನಾವು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಅಂಗಡಿ, ನನ್ನ ನೌಕರಿ ಎರಡಕ್ಕೂ ಏನೂ ಆಗುತ್ತಿರಲಿಲ್ಲ. ನನಗೆ ಆ ಯೋಚನೆ ಬಂದಿತ್ತು. ಅವನಿಗೂ ಬಂದಿರಬೇಕು. ಅದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಕಾರ್ಖಾನೆಯ ಚೀಫ್ ಇಂಜಿನಿಯರರ ಎದುರು ಮಾಮಾ ಕೈ ಕಟ್ಟಿ ನಿಂತು ಹೇಳಿದ. "ಅಂವ ಗುಂಡಿ ಒತ್ತ್ಯಾನ್ರಿ ಸಾಹೇಬ್ರ. ನಮ್ಮ ಬೋರ್ಡ್ ಮರ್ತೈತಿ."

ಅವರು ನನ್ನ ಹಾಳೆಗಳನ್ನು ತಿರುವಿ ಹಾಕಿದರು. ಕೆಟ್ಟವರೇನಲ್ಲ, ದಣಿದಿದ್ದರು. "ಚೀಟಿ ಎತ್ತಿ ಲೆಕ್ಕಾ ಮಾಡೀರಿ. ಮೊದಲ ಸಲ ಸೊನ್ನಿ ಬಂತು ಅಂತೀರಿ, ಈಗ ಐದು ನೂರು ಬಂತು ಅಂತೀರಿ. ಯಾವದು ಖರೆ?"

"ಈಗ ಬಂದದ್ದು ಖರೆ ಸರ್," ಎಂದೆ. "ಮೊದಲಿಂದು ನಾ ತಪ್ಪಿದ್ದು. ಲೆಕ್ಕಾ ನಂಬಬ್ಯಾಡ್ರಿ. ಬೋರ್ಡಿಗೇ ಕೇಳೂನು. ಮೋಟಾರಿನ ವೈರು ತಗೀರಿ, ಪೆಟಗಿ ಬಾಗಲಾ ಮುಚ್ಚರಿ, ಮೂರು ಗಂಟೇಕ ಒತ್ತಿ ನೋಡೂನು. ನೂರು ಸಲ ಸಾಲೂದಿಲ್ಲ."

ಅವರು ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಮರಳಿಸಿದರು. "ಆತು. ಅವ್ರ ಮನೀಯವ್ರನ್ನೂ ಕರೀರಿ," ಎಂದರು.

ಮರುದಿನ ಯಡೂರಿನಿಂದ ಶಾಂತವ್ವನ ಅಣ್ಣ ಬಂದ, ಅವನ ಹಿಂದೆ ರೇಣುಕಾ. ಕ್ಯಾರಿಯರ್ ಮೋಟಾರನ್ನು ಬೇರೆ ಸ್ವಿಚ್ಚಿಗೆ ಹಾಕಿ ಕಾರ್ಖಾನೆ ನಡೆದೇ ಇತ್ತು. ಪೆಟ್ಟಿಗೆಯ ತಗಡನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ಗುಂಡಿಯ ಕಡೆ ಕೈ ಚಾಚಿದಾಗ ರೇಣುಕಾ ಅಡ್ಡ ಬಂದಳು.

"ನಾ ಒತ್ತತೀನ್ರಿ."

ಅವಳು ಒತ್ತಿ ಬಿಟ್ಟಳು. ದೀಪ ಹತ್ತಿಕೊಂಡೇ ಇತ್ತು. ಅವಳ ಸೋದರಮಾವ ಸೀಮೆಸುಣ್ಣದಿಂದ ಕಂಬದ ಮೇಲೆ ಒಂದು ಗೆರೆ ಎಳೆದ. ಬಾಬು ಮಾಮಾ ಕೀಲಿ ತಿರುಗಿಸಿದ. ಮತ್ತೆ ಒತ್ತಿದಳು. ಹೀಗೆ ಐವತ್ತು, ನೂರು, ಇನ್ನೂರು. ಇಂಜಿನಿಯರ್ ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಕಾಕಂಬಿಯ ವಾಸನೆ ಬಿಸಿಗಾಳಿಯಲ್ಲಿ ಸುತ್ತಿ ಸುತ್ತಿ ಬರುತ್ತಿತ್ತು. ಹುಡುಗಿಯ ಹೆಬ್ಬೆರಳು ಕೆಂಪಾಗಿತ್ತು. ಬಿಡು, ನಾನು ಒತ್ತುತ್ತೇನೆ ಎಂದರೆ ತಲೆ ಅಲ್ಲಾಡಿಸಿದಳು. ನಾನು ಮನಸ್ಸಿನೊಳಗೆ ಎರಡನ್ನೂ ಬೇಡುತ್ತಿದ್ದೆ. ದೀಪ ಆರಲಿ, ಭೀಮಣ್ಣನ ಹೆಸರು ಉಳಿಯಲಿ. ದೀಪ ಆರದಿರಲಿ, ನನ್ನ ತಪ್ಪು ಸುಳ್ಳಾಗಲಿ.

ಮುನ್ನೂರು ದಾಟಿದ ಮೇಲೆ ಎಲ್ಲೋ ದೊಡ್ಡ ಮೋಟಾರೊಂದು ಗರ್ಜಿಸಿ ಹೊರಟಿತು. ಮೇಲಿನ ಬಲ್ಬುಗಳು ಒಂದು ಗಳಿಗೆ ಮಂಕಾದವು. ರೇಣುಕಾ ಒತ್ತಿದ್ದಳು, ದೀಪ ಹತ್ತಿತ್ತು. ಕೈ ತೆಗೆದಳು. ದೀಪ ಆರಿತು.

ಅವಳ ಸೋದರಮಾವನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೆಯೇ ನಿಂತಿತು. ರೇಣುಕಾ ಆರಿದ ದೀಪವನ್ನು ನೋಡುತ್ತ, "ಅಪ್ಪ ಒತ್ತಿದ್ದ," ಎಂದಳು. ಇಂಜಿನಿಯರ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಹೌದವಾ, ಒತ್ತಿದ್ದ," ಎಂದರು. ಅದೇ ದಿನ ತಮ್ಮ ಕೈಯಾರೆ ಹಳೆಯ ವರದಿಯನ್ನು ಹೊಡೆದುಹಾಕಿ ಹೊಸದು ಬರೆದರು. ಬೋರ್ಡಿನ ತಪ್ಪು ಎಂದು ಬರೆದರು. ಅದರ ಕೆಳಗೆ ಮಾಮಾ ಸಹಿ ಮಾಡಿದ, ನಾನೂ ಮಾಡಿದೆ.

ಆ ವಾರವೇ ನಾಲ್ಕೂ ಬೋರ್ಡುಗಳನ್ನು ಬಿಚ್ಚಿ ತಂದೆವು. ಮಾಮಾ ಮತ್ತೆ ಎಂದೂ ಐಸಿ ಮುಟ್ಟಲಿಲ್ಲ. ಸಾಯುವವರೆಗೂ ಮೋಟಾರು ಸುತ್ತುತ್ತ ಉಳಿದ, ಈ ಮಾತನ್ನು ಒಮ್ಮೆಯೂ ನನ್ನ ಮುಂದೆ ಎತ್ತಲಿಲ್ಲ. ನಾನು ಪಾಠ ಹೇಳುತ್ತ ಉಳಿದೆ. ಪ್ರತಿ ವರ್ಷ ಹುಡುಗರಿಗೆ ಈ ಲೆಕ್ಕವನ್ನು ಎರಡೂ ರೀತಿಯಲ್ಲಿ ಮಾಡಿಸಿದೆ, ಯಾರ ಲೆಕ್ಕ ಎಂದು ಹೇಳಲಿಲ್ಲ. ರೇಣುಕಾ ನಮ್ಮ ಕಾಲೇಜಿಗೆ ಬರಲಿಲ್ಲ. ಅಥಣಿಯಲ್ಲಿ ನರ್ಸಿಂಗ್ ಕಲಿತಳೆಂದು ಯಾರಿಂದಲೋ ಕೇಳಿದೆ.

ಆದರೆ ಅದೆಲ್ಲ ಆಮೇಲಿನದು. ಆ ದಿನ ಬಿಸಿಲು ಇಳಿಯುವ ಹೊತ್ತಿಗೆ ಅವರ ಜೊತೆ ನಾವೂ ನಾವೆ ಹತ್ತಿ ಯಡೂರಿಗೆ ಹೋದೆವು. ಶಾಂತವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಜೊತೆಗಿದ್ದರು.

"ಅವ್ವಾ," ಎಂದಳು ರೇಣುಕಾ. "ಅಪ್ಪ ಗುಂಡಿ ಒತ್ತಿದ್ದ."

"ಯಾರು ಹೇಳಿದ್ರು?"

"ನಾನ ನೋಡಿ ಬಂದಿನಿ. ಸಾಹೇಬ್ರು ಬರದು ಕೊಟ್ಟಾರ."

ಶಾಂತವ್ವ ಪಕ್ಕದ ಹೆಂಗಸರ ಕಡೆ ತಿರುಗಿದಳು. "ಒತ್ತಿದ್ನಂತ, ಕೇಳಿದ್ರಿಲ್ಲ," ಎಂದಳು. ಮೊರವನ್ನು ಕೆಳಗಿಟ್ಟಳು. ಅಲ್ಲಿಯವರೆಗೆ ತಡೆದಿಟ್ಟದ್ದೆಲ್ಲ ಆಗ ಒಡೆಯಿತು. ಅಷ್ಟು ಜೋರಾದ ಅಳುವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಗಳು ಅವಳನ್ನು ತಬ್ಬಿ ಕೂತಳು. ನಾನೂ ಮಾಮಾನೂ ಅಂಗಳದಲ್ಲಿ ನಿಂತೇ ಇದ್ದೆವು.

ಅವಳು ಮುಖ ಒರೆಸಿಕೊಂಡ ಮೇಲೆ ನಾನು ಹತ್ತಿರ ಹೋದೆ. "ಶಾಂತಕ್ಕಾ, ಆ ಬೋರ್ಡ್ ಸರಿ ಐತಿ ಅಂತ ಲೆಕ್ಕಾ ಮಾಡಿ ಹೇಳಿದಾಕಿ ನಾನು. ನಮ್ಮ ಮಾಮಾ ಅನುಮಾನ ಪಟ್ಟಿದ್ದ. ನಾ ಕೇಳಲಿಲ್ಲ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಕೋಪ ಕಾಣಲಿಲ್ಲ. ನನ್ನ ವಯಸ್ಸೆಷ್ಟೆಂದು ಅಳೆಯುತ್ತಿರುವಂತಿತ್ತು.

"ನೀವು ಬಂದು ಹೇಳಿದ್ರಿ, ಅದು ಛಲೋ ಮಾಡಿದ್ರಿ," ಎಂದಳು. "ನಮ್ಮ ಮನಿಗೆ ಬಂದವ್ರು ನೀರು ಕುಡೀಲಾರದ ಯಾವತ್ತೂ ಹೋಗಿಲ್ಲ. ಆದ್ರ ಇವತ್ತ ನಿಮಗ ಕುಡೀರಿ ಅನ್ನಾಕ ಮನಸ ಬರವಲ್ದು ನನಗ. ಹೋಗಿ ಬರ್ರಿ."

ಮಾಮಾ ಎರಡೂ ಕೈ ಜೋಡಿಸಿದ. ನಾವು ಹೊಳೆಯ ಕಡೆ ನಡೆದೆವು.